ಪಕ್ಕಾ ಆಗುವತನಕ ಚಹಾ ಬೇಡ

ಕೆಲವರ ಬೆನ್ನಿಗೆ ಶನಿ ಬೀಳುತ್ತಾನಂತೆ. ನನ್ನ ಬೆನ್ನಿಗೆ ಬಿದ್ದದ್ದು ಅಭಿವೃದ್ಧಿ. ಆ ವಿಷಯ ಓದಲು ಸೇರಿದಾಗಿನಿಂದ ಇಂಥವು ಒಂದರ ಹಿಂದೊಂದು ನಡೆಯುತ್ತಲೇ ಇವೆ. ನಾನು ಯಾವುದನ್ನೂ ಕರೆದವಳಲ್ಲ. ಪುಸ್ತಕದಲ್ಲಿ ಬರೆದದ್ದನ್ನು ಬರೆದ ಹಾಗೇ ಮಾಡಿದೆ, ಅಷ್ಟೇ.

೧. ನೀಡುವುದಕ್ಕೂ ಶಾಲೆ

ನಮ್ಮದು ನಿಪ್ಪಾಣಿ. ಅಪ್ಪನಿಗೆ ತಂಬಾಕು ಪೇಟೆಯಲ್ಲಿ ಒಂದು ಸಣ್ಣ ಅಂಗಡಿ. ಬಿ.ಎ. ಮುಗಿದ ಮೇಲೆ ನಾನು ಬೆಂಗಳೂರಿನ ವಿಶ್ವವಿದ್ಯಾಲಯವೊಂದರಲ್ಲಿ ‘ಅಂತರರಾಷ್ಟ್ರೀಯ ನೆರವು ಮತ್ತು ಅಭಿವೃದ್ಧಿ’ ಎಂಬ ಎಂ.ಎ.ಗೆ ಸೇರುತ್ತೇನೆ ಅಂದೆ. ಅಪ್ಪ ಆ ಹೆಸರನ್ನು ಎರಡು ಸಲ ಹೇಳಿಸಿಕೊಂಡರು. ಆಮೇಲೆ ತಕ್ಕಡಿ ಹಿಡಿದವರ ಹಾಗೆ ಅಳೆದು ಸುರಿದು ಒಂದು ಮಾತು ಹೇಳಿದರು.

“ಕಲಿಯವ್ವಾ, ಬ್ಯಾಡ ಅನ್ನಂಗಿಲ್ಲ. ಆದ್ರ ಒಂದ್ ವರ್ಷ ನಪಾಸ್ ಆದಿ ಅಂದ್ರ ಮತ್ತ ಕೇಳಂಗಿಲ್ಲ. ವರಾ ನೋಡಿ ಮದಿವಿ ಮಾಡಿಬಿಡಾಂವ.”

ಒಪ್ಪಿಕೊಂಡೆ. ಒಪ್ಪದೆ ಗತಿಯಿರಲಿಲ್ಲ. ಹೀಗೆ ನನ್ನ ಓದಿಗೂ ಮದುವೆಗೂ ಮೊದಲ ದಿನವೇ ಗಂಟು ಬಿತ್ತು.

ಅಜ್ಜಿಗೆ ಮಾತ್ರ ಎಲ್ಲ ಬಿಡಿಸಿ ಹೇಳಬೇಕಾಯಿತು. ಉಳ್ಳ ದೇಶದವರು ಇಲ್ಲದ ದೇಶದವರಿಗೆ ಹೇಗೆ ನೆರವಾಗಬೇಕು, ಕೊಟ್ಟದ್ದು ಮುಟ್ಟಬೇಕಾದವರಿಗೆ ಮುಟ್ಟುತ್ತದೋ ಇಲ್ಲವೋ, ಅದನ್ನು ಕಲಿಸುತ್ತಾರೆ ಅಂದೆ. ಅಜ್ಜಿ ತಲೆಯಾಡಿಸಿದಳು. ಸಂಜೆ ಕಟ್ಟೆಯ ಮೇಲೆ ಕೂತು ನೆರೆಮನೆಯ ಮುದುಕಿಗೆ ಅದನ್ನೇ ತನ್ನ ಮಾತಿನಲ್ಲಿ ಹೇಳುತ್ತಿದ್ದಳು.

“ನಮ್ಮ ಮೊಮ್ಮಗಳು ಭಿಕ್ಷಾ ನೀಡೂದು ಕಲ್ಯಾಕ ಹೊಂಟಾಳ.”

“ಎಷ್ಟ್ ದಿನದ್ ಕಲಿಕಿ ಬೇ?”

“ಎರಡ ವರ್ಷ ಅಂತ.”

ಮುದುಕಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. “ಅಯ್ಯ ಶಿವನ! ಈಕಿ ಕಲತ್ ಬರೂತನಾ ಭಿಕ್ಷುಕ ಬಾಗಲದಾಗ ನಿಂತಿರ್ತಾನೇನ?”

೨. ಶೇಂಗಾ ಮತದಾನ

ಎರಡನೇ ವರ್ಷ ಒಂದು ಹಳ್ಳಿಯಲ್ಲಿ ಕ್ಷೇತ್ರ ಅಧ್ಯಯನ ಮಾಡಬೇಕಿತ್ತು. ಗೆಳತಿಯರಿಗೆ ನೇಪಾಳ, ಶ್ರೀಲಂಕಾ ಎಂದು ದೂರದ ಜಾಗಗಳು ಸಿಕ್ಕವು. ನನಗೆ ಮಾರ್ಗದರ್ಶಕಿ ಮೇಡಂ, “ನಿಮಗೆ ಆ ಕಡೆಯ ಭಾಷೆ ಬರುತ್ತಲ್ಲ” ಎಂದು ನಿಪ್ಪಾಣಿ ತಾಲೂಕನ್ನೇ ಕೊಟ್ಟರು. ಊರು ಭೋಜದಿಂದ ಸ್ವಲ್ಪ ಆಚೆಗೆ. ಹೆಸರು ಹೇಳುವುದಿಲ್ಲ, ನಾನು ಮತ್ತೆ ಅಲ್ಲಿಗೆ ಹೋಗುವವಳು.

“ಅಂತರರಾಷ್ಟ್ರೀಯ ಅಂತ ಹ್ವಾದಾಕಿ ಭೋಜದ ಬಸ್ಸಿಗಿ ನಿಂತಾಳ ನೋಡ್ರಿ” ಎಂದು ಅಪ್ಪ ಪೇಟೆಯಲ್ಲೆಲ್ಲ ಹೇಳಿ ನಕ್ಕರು.

ಮೊದಲ ಕೆಲಸ, ಊರಿಗೆ ಏನು ಬೇಕು ಎಂದು ಊರವರಿಂದಲೇ ತಿಳಿಯುವುದು. ಅದಕ್ಕೊಂದು ಪದ್ಧತಿಯಿದೆ. ನೀರು, ರಸ್ತೆ, ಶಾಲೆ, ದವಾಖಾನೆ ಎಂದು ಚಿತ್ರಗಳನ್ನು ನೆಲದ ಮೇಲೆ ಇಡಬೇಕು. ಪ್ರತಿಯೊಬ್ಬರ ಕೈಗೂ ಒಂದು ಹಿಡಿ ಕಾಳು ಕೊಡಬೇಕು. ತಮಗೆ ಯಾವುದು ಹೆಚ್ಚು ಬೇಕೋ ಅದರ ಮೇಲೆ ಅವರು ಹೆಚ್ಚು ಕಾಳು ಇಡುತ್ತಾರೆ. ಪುಸ್ತಕದಲ್ಲಿ ಹುಣಸೆ ಬೀಜ ಎಂದು ಬರೆದಿತ್ತು. ನನಗೆ ಸಿಕ್ಕದ್ದು ಹುರಿದ ಶೇಂಗಾ.

ದೇವಸ್ಥಾನದ ಕಟ್ಟೆಯ ಮೇಲೆ ಗಂಭೀರವಾಗಿ ಮತದಾನ ನಡೆಯಿತು. ರಸ್ತೆಯ ಮೇಲೆ ಶೇಂಗಾ ರಾಶಿಯೇ ಬಿತ್ತು. ನಾನು ಫೋಟೋ ತೆಗೆಯಲೆಂದು ಚೀಲದಲ್ಲಿ ಮೊಬೈಲು ಹುಡುಕಿ ತಿರುಗುವಷ್ಟರಲ್ಲಿ ರಸ್ತೆ ಖಾಲಿ, ನೀರು ಖಾಲಿ, ಶಾಲೆಯ ಮೇಲೆ ಬರೀ ಸಿಪ್ಪೆ. ಎಲ್ಲರ ದವಡೆಗಳೂ ಆಡುತ್ತಿದ್ದವು. ದವಾಖಾನೆಯ ಚಿತ್ರದ ಮೇಲೆ ಮಾತ್ರ ಒಂದಿಷ್ಟು ಉಳಿದಿದ್ದವು.

ಇದ್ದುದರಲ್ಲೇ ಸಮಾಧಾನ ಮಾಡಿಕೊಂಡು ಕೇಳಿದೆ. “ಅಂದ್ರ ಊರಿಗೆ ಎಲ್ಲಾಕ್ಕಿಂತ ದವಾಖಾನಿ ಬೇಕಂದಂಗಾತು, ಹೌದಲ್ರಿ?”

ಮುಂದೆ ಕೂತಿದ್ದ ಹಿರಿಯರು ಸಿಪ್ಪೆ ಊದುತ್ತ ಅಂದರು, “ಹಂಗಲ್ ತಂಗಿ. ಅವಷ್ಟು ಕಮಟ ಅದಾವ.”

೩. ಬಡವರ ಊರು

ಆಮೇಲೆ ಮನೆಮನೆಯ ಸಮೀಕ್ಷೆ. ಎಷ್ಟು ಎಕರೆ, ಎಷ್ಟು ದನಕರು, ಮನೆ ಸ್ವಂತದ್ದೋ ಬಾಡಿಗೆಯದೋ, ಪಾಯಖಾನೆ ಇದೆಯೋ, ಮಕ್ಕಳು ಎಷ್ಟು ಓದಿದ್ದಾರೆ. ಇಷ್ಟೇ ಪ್ರಶ್ನೆಗಳು. ಮೇಡಂ ಹೊರಡುವ ಮೊದಲು ಒಂದು ಕಟ್ಟಪ್ಪಣೆ ಮಾಡಿದ್ದರು. ಊರವರಿಂದ ಏನನ್ನೂ ತೆಗೆದುಕೊಳ್ಳಬಾರದು, ಒಂದು ಕಪ್ ಚಹಾ ಕೂಡ. ಚಹಾ ಕುಡಿದರೆ ಮುಲಾಜು ಬರುತ್ತದೆ, ಮುಲಾಜು ಬಂದರೆ ಸಂಶೋಧನೆ ಕೆಡುತ್ತದೆ. ತಪ್ಪಿದರೆ ಅಧ್ಯಯನ ರದ್ದು. ಅಂದರೆ ನಪಾಸು. ಅಂದರೆ ವರ.

ನಮ್ಮ ಸೀಮೆಯಲ್ಲಿ ಮನೆಗೆ ಬಂದವರು ಚಹಾ ಬೇಡ ಅಂದರೆ ಜಗಳಕ್ಕೆ ಬಂದರು ಅಂತಲೇ ಲೆಕ್ಕ. ಯಾರ ಮನಸ್ಸೂ ನೋಯಬಾರದೆಂದು ನಾನೊಂದು ಉಪಾಯ ಮಾಡಿದೆ. ಪ್ರತಿ ಮನೆಯಲ್ಲೂ ನಗುತ್ತ, “ಈಗ ಬ್ಯಾಡ್ರಿ. ಎಲ್ಲಾ ಪಕ್ಕಾ ಆಗಲಿ, ಆಮ್ಯಾಲ ಕುಡಿಯೂಣು” ಅನ್ನುತ್ತಿದ್ದೆ. ವರದಿ ಪಕ್ಕಾ ಆಗಲಿ ಎಂದು ನನ್ನ ಮನಸ್ಸಿನಲ್ಲಿ.

ಮೊದಲ ವಾರ ಎಲ್ಲರೂ ನನ್ನನ್ನು ಸರಕಾರದ ಯಾವುದೋ ಯೋಜನೆಯವಳು ಅಂದುಕೊಂಡರು. ಆಳೆತ್ತರದ ಕಬ್ಬಿನ ನಡುವೆ ನಿಂತ ಊರಿನಲ್ಲಿ ಯಾರಿಗೂ ಒಂದು ಗುಂಟೆ ಹೊಲವಿರಲಿಲ್ಲ. ಒಂದು ಮನೆಯಲ್ಲಿ ಫ್ರಿಜ್ಜಿಗೆ ಚಾದರ ಹೊದಿಸಿ, “ಅದು ನಮ್ಮ ದೇವರ ಕ್ವಾಣಿ, ಮುಟ್ಟಬ್ಯಾಡ್ರಿ” ಅಂದರು.

ಊರಂಚಿನ ಮನೆಯ ಕಾಕಾ ಒಬ್ಬರು ತಮಗೆ ದನಕರು ಏನೂ ಇಲ್ಲ ಎಂದು ಬರೆಸಿದರು. ಹೇಳಿ ಬಾಯಿ ಮುಚ್ಚಿರಲಿಲ್ಲ, ಹಿತ್ತಲಿನಿಂದ ಒಂದು ಎಮ್ಮೆ ಹಗ್ಗ ಎಳೆದುಕೊಂಡು ಬಂದು ಅವರ ಪಕ್ಕ ನಿಂತಿತು.

“ಇದು ಯಾರದ್ರಿ ಕಾಕಾ?”

“ಯಾರದೋ ಏನೋ. ಗುರುತಿಲ್ಲ ಬಿಡವಾ.”

ಎಮ್ಮೆ ಅಷ್ಟರಲ್ಲಿ ಪ್ರೀತಿಯಿಂದ ಅವರ ಕಿವಿ ನೆಕ್ಕತೊಡಗಿತ್ತು.

೪. ಒಂದೇ ವಾರದಲ್ಲಿ ಅಭಿವೃದ್ಧಿ

ಲೆಕ್ಕ ನೋಡಿದ ಮೇಡಂ ಫೋನಿನಲ್ಲೇ ಬೈದರು. “ಇಷ್ಟು ಬಡ ಊರು ಕರ್ನಾಟಕದಲ್ಲೇ ಇಲ್ಲ. ಇನ್ನೊಂದು ಸಲ ಎಲ್ಲಾ ಮನೆಗೂ ಹೋಗಿ ಬನ್ನಿ. ಆಮೇಲೆ ನಾನೇ ಬಂದು ನೋಡ್ತೀನಿ.”

ಎರಡನೇ ವಾರ ಹೋದೆ. ಅದೇ ಪ್ರಶ್ನೆ, ಅದೇ ನಗು, ಅದೇ ‘ಎಲ್ಲಾ ಪಕ್ಕಾ ಆಗಲಿ’. ಆದರೆ ಊರು ಬೇರೆಯಾಗಿತ್ತು. ಗುಂಟೆ ಇಲ್ಲದವರಿಗೆ ಎಕರೆಗಟ್ಟಲೆ ಹೊಲ ಬಂದಿತ್ತು. ಚಾದರ ಹೊದ್ದಿದ್ದ ಫ್ರಿಜ್ಜು ಪಡಸಾಲೆಯ ನಟ್ಟನಡುವೆ ಬಂದು ನಿಂತಿತ್ತು. ಎಮ್ಮೆಯ ಗುರುತೇ ಇಲ್ಲದ ಕಾಕಾನ ಅಂಗಳದಲ್ಲಿ ಮೂರು ಎಮ್ಮೆ, ಮೂರಕ್ಕೂ ಕೊಂಬಿಗೆ ಬಣ್ಣ. ಅವರ ಹೆಂಡತಿ ಕಾಕು ನನ್ನನ್ನು ಕರೆದುಕೊಂಡು ಹೋಗಿ ಪಾಯಖಾನೆಯ ಬಾಗಿಲು ತೆಗೆದು, ಹೆಂಚು ಬಡಿದು ತೋರಿಸಿದಳು. ಇಸ್ತ್ರಿ ಮಾಡಿದ ಅಂಗಿ ಹಾಕಿ, ಸೆಂಟು ಹೊಡೆದುಕೊಂಡ ಮಗ ಬಾಗಿಲ ಸಂದಿನಲ್ಲಿ ನೆಲ ನೋಡುತ್ತ ನಿಂತಿದ್ದ.

“ನಮ್ಮ ಹುಡುಗ. ಕುಡಿಯಂಗಿಲ್ಲ, ಗುಟಕಾ-ಮಾವಾ ತಿನ್ನಂಗಿಲ್ಲ. ಇದನ್ನೂ ಬರಕೋ ತಂಗಿ.”

ಎಂಥ ಸಹಕಾರ ಕೊಡುವ ಜನ ಎಂದು ನನಗೆ ಕಣ್ಣೀರು ಬರುವುದೊಂದು ಬಾಕಿ. ಬರೆದುಕೊಂಡೆ. ಸಂಜೆ ಅವ್ವನ ಫೋನು ಬಂತು.

“ಏನ್ ಬೇ, ನಿನಗ ನೀನ ಮನಿತನಾ ನೋಡಾಕ ಹೊಂಟೀ? ಪ್ಯಾಟ್ಯಾಗ ಮಂದಿ ನಿಮ್ಮಪ್ಪನ್ನ ಕೇಳಾಕತ್ತಾರ!”

ಆಗ ತಲೆಗೆ ಬೆಳಕು ಬಿತ್ತು. ನಮ್ಮಲ್ಲಿ ಹೆಣ್ಣಿನ ಕಡೆಯವರು ಗಂಡಿನ ಮನೆತನ ನೋಡಲು ಹೋದಾಗ ಕೇಳುವ ಪ್ರಶ್ನೆಗಳೂ ಇವೇ. ಎಷ್ಟು ಎಕರೆ, ಎಷ್ಟು ಎಮ್ಮೆ, ಹುಡುಗ ಎಷ್ಟು ಓದಿದ್ದಾನೆ. ಮಾತು ಪಕ್ಕಾ ಆಗುವತನಕ ಆ ಮನೆಯಲ್ಲಿ ಅವರು ಹನಿ ಚಹಾ ಮುಟ್ಟುವುದಿಲ್ಲ. ಮುಟ್ಟಿದರೆ ಒಪ್ಪಿದಂತೆ. ಈಗೀಗ ಇದನ್ನು ಎಲ್ಲರೂ ಪಾಲಿಸುವುದಿಲ್ಲ, ಆದರೆ ಹಳಬರು ಮರೆತಿಲ್ಲ. ಹೊಲ ಎಷ್ಟೇ ಇದ್ದರೂ ಒಕ್ಕಲುತನದ ಹುಡುಗನಿಗೆ ಹೆಣ್ಣು ಸಿಗದ ಕಾಲವಿದು. ಅಂಥದರಲ್ಲಿ ಕಲಿತ ಹುಡುಗಿಯೊಬ್ಬಳು ಮನೆಮನೆಗೆ ಬಂದು ಎಕರೆ ಕೇಳಿ ಚಹಾ ಬೇಡ ಅಂದರೆ ಊರಿಗೆ ಊರೇ ಇಸ್ತ್ರಿ ಪೆಟ್ಟಿಗೆ ಹುಡುಕದೆ ಏನು ಮಾಡೀತು?

೫. ಮೇಡಂ ಬಂದರು

ಮರುದಿನ ಬೆಳಿಗ್ಗೆಯೇ ಮೇಡಂ ಕಾರಿನಲ್ಲಿ ಬಂದಿಳಿದರು. ಮೈಸೂರು ಕಡೆಯವರು, ಶಿಸ್ತಿನವರು. ಎರಡು ವಾರದ ಲೆಕ್ಕ ಪಕ್ಕಪಕ್ಕ ಇಟ್ಟು ಕನ್ನಡಕ ಸರಿಮಾಡಿಕೊಂಡರು.

“ಏಳು ದಿನದಲ್ಲಿ ಊರು ಇಷ್ಟು ಉದ್ಧಾರ ಆಗಿದೆಯಲ್ಲ! ಮಧ್ಯೆ ಯಾವ ಯೋಜನೆ ಬಂತು ಇಲ್ಲಿ?”

“ಯೋಜನೆ ಏನೂ ಇಲ್ಲ ಮೇಡಂ. ನಾನೇ ಬಂದದ್ದು.”

“ತಮಾಷೆ ಬೇಡ. ಸುಮ್ಮನೆ ಕೂತು ಬರೆದಿದ್ದೀರಿ ಅಂತ ಗೊತ್ತಾದರೆ ಪಾಸ್ ಮಾಡೋಲ್ಲ. ನಡೀರಿ, ಒಂದು ಮನೆ ತೋರಿಸಿ.”

ನನ್ನ ಹಣೆಬರಹ, ಅವರು ಬೆರಳಿಟ್ಟದ್ದು ಮೂರು ಎಮ್ಮೆಯ ಮನೆಯ ಮೇಲೆ. ದಾರಿಯಲ್ಲಿ ಹೇಳಲು ಬಾಯಿ ತೆಗೆದಾಗಲೆಲ್ಲ ಅವರು ಕೈ ಎತ್ತಿ ಸುಮ್ಮನಿರಿಸಿದರು. ಕಾಕಾ, ಕಾಕು ಬಾಗಿಲಲ್ಲೇ ಕಾಯುತ್ತಿದ್ದರು. ಇಷ್ಟು ದಿನ ಹುಡುಗಿ ಒಬ್ಬಳೇ ಬರುತ್ತಿದ್ದಳು, ಇವತ್ತು ಹಿರಿಯರೊಬ್ಬರು ಬಂದಿದ್ದಾರೆ. ಅಕ್ಕಪಕ್ಕದವರು ಗೋಡೆಯಾಚೆ ತಲೆ ತೂರಿಸಿ ನಿಂತರು.

ಮೇಡಂ ಕೇಳಿದರು, ಎಷ್ಟು ಎಕರೆ, ಎಷ್ಟು ಎಮ್ಮೆ, ಮಗ ಏನು ಓದಿದ್ದಾನೆ. ಕಾಕಾ ಪರೀಕ್ಷೆಗೆ ಕೂತವರ ಹಾಗೆ ಉತ್ತರ ಹೇಳಿದರು. ನಡುವೆ ಕಾಕು, “ನಿಮಗ ಮಕ್ಕಳೆಷ್ಟ್ರಿ ಬಾಯಾರ?” ಅಂದಳು.

“ಒಬ್ಬಳೇ ಮಗಳು. ಮದುವೆ ಮಾತು ಎತ್ತಿದರೆ ಸಾಕು, ಫೋನ್ ಇಟ್ಟುಬಿಡ್ತಾಳೆ,” ಎಂದು ಮೇಡಂ ನಿಟ್ಟುಸಿರಿಟ್ಟರು.

ಕಾಕು ಚಹಾ ತಂದು ಮುಂದೆ ಹಿಡಿದಳು. ನಾನು ಕೆಮ್ಮಿದೆ. ಮೇಡಂ ಮೊದಲು ಬೇಡ ಅಂದರು. ಕಾಕುವಿನ ಮುಖ ಬಾಡಿತು. ಹೊರಗೆ ರಣಬಿಸಿಲು, ಮೇಡಂ ಗಂಟಲು ಒಣಗಿತ್ತು. ನಾನು ಮತ್ತೆ ಕೆಮ್ಮಿ, “ಮೇಡಂ, ನಿಯಮ ಮೇಡಂ, ನಿಯಮ” ಅಂದೆ.

“ಇರಲಿ ಬಿಡ್ರೀ. ಒಂದು ಕಪ್ ಟೀಯಿಂದ ಯಾವ ಸಂಶೋಧನೆ ಕೆಡುತ್ತೆ?” ಎಂದವರೇ ಗುಟುಕರಿಸಿಬಿಟ್ಟರು.

ಒಂದು ಕ್ಷಣ ಎಮ್ಮೆ ಕೂಡ ಮೆಲುಕು ಹಾಕುವುದನ್ನು ನಿಲ್ಲಿಸಿತು. ಆಮೇಲೆ ಗೋಡೆಯಾಚೆಯಿಂದ ಒಂದು ಕೇಕೆ ಬಂತು. ಯಾರೋ ಪಟಾಕಿ ಸರ ಹಚ್ಚಿದರು. ಮಾತು ಪಕ್ಕಾ ಆದ ಗಳಿಗೆಗೆಂದು ಡಬ್ಬಿಯಲ್ಲಿ ತಯಾರಾಗಿಯೇ ಇದ್ದ ಸಕ್ಕರೆ ಓಣಿಯ ತುದಿಯವರೆಗೂ ಹಂಚಿಹೋಯಿತು. ಸೆಂಟಿನ ಹುಡುಗನನ್ನು ದೂಡಿ ಮುಂದೆ ನಿಲ್ಲಿಸಿದರು. ಕಾಕಾ ಟೊಪ್ಪಿಗೆ ತೆಗೆದು ಕಣ್ಣೊರೆಸಿಕೊಂಡರು. ಮೇಡಂ ಬಾಯಿಗೂ ಒಂದು ಚಿಟಿಕೆ ಸಕ್ಕರೆ ಬಿತ್ತು.

“ಇವರೆಲ್ಲ ಎಷ್ಟು ಸಂತೋಷದ ಜನ!” ಅಂದರು ಮೇಡಂ.

ನಾನು ಅಳುವ ದನಿಯಲ್ಲಿ ಎಲ್ಲವನ್ನೂ ಹೇಳಿದೆ. ಚಹಾದ ಪದ್ಧತಿ, ನನ್ನ ‘ಪಕ್ಕಾ ಆಗಲಿ’, ಅಪ್ಪನ ಕರಾರು, ಇವರು ನಮ್ಮ ಹಿರಿಯರಲ್ಲ ನಮಗೆ ಪಾಠ ಹೇಳುವವರು ಅನ್ನುವುದು. ಹೇಳಿ ಮುಗಿಸುವಷ್ಟರಲ್ಲಿ ಅಂಗಳ ತಣ್ಣಗಾಯಿತು. ಕಾಕಾ ಟೊಪ್ಪಿಗೆ ಮತ್ತೆ ಹಾಕಿಕೊಂಡರು. ಆ ಹುಡುಗನ ಮುಖ ನೋಡಿ ನನಗೆ ನಿಜವಾಗಿ ಕೆಟ್ಟೆನಿಸಿತು. ಮೇಡಂ ಮುಖ ಕೆಂಪಾಯಿತು. ನನ್ನ ಎಂ.ಎ. ಮುಗಿಯಿತು ಅಂದುಕೊಂಡೆ.

ಮೊದಲು ಬಾಯಿ ಬಿಟ್ಟವಳು ಕಾಕು.

“ಸಕ್ಕರಿ ಹಂಚಿ ಆಗೇತ್ರಿ ಬಾಯಾರ. ಮಂದಿ ಬಾಯಾಗಿಂದು ಹೊಳ್ಳಿ ತಗ್ಯಾಕ ಬರಾಂಗಿಲ್ಲ. ಈಗ ನಮಗ ಏನರ ಒಂದ್ ಛಲೋ ಸುದ್ದಿ ಬೇಕು. ಈ ಹುಡುಗಿನ್ನ ಪಾಸ್ ಮಾಡ್ರಿ, ಅದರ ಸಕ್ಕರಿ ಅಂತ ಹೇಳತೇವಿ.”

“ಲೆಕ್ಕ ಎಲ್ಲಾ ತಪ್ಪಿದೆಯಲ್ಲಮ್ಮ!”

“ತಪ್ಪ ಹೇಳಿದವ್ರ್ ನಾವು. ಈಕಿ ಹೇಳಿದ್ದನ್ನ ಬರಾಬರಿ ಬರಕೊಂಡಾಳ. ನಪಾಸ್ ಮಾಡೂದಿದ್ರ ನಮ್ಮನ್ನ ಮಾಡ್ರಿ.”

ಮೇಡಂ ಖಾಲಿ ಕಪ್ಪು ಕೆಳಗಿಟ್ಟರು. ಆಮೇಲೆ ನಗು ತಡೆಯಲಾಗದೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಎರಡೂ ವಾರದ್ದು ಪಕ್ಕಪಕ್ಕ ಇಟ್ಟು, ಹೀಗ್ಯಾಕಾಯ್ತು ಅಂತ ನಡೆದದ್ದು ನಡೆದ ಹಾಗೇ ಬರೀರಿ. ಪಾಸು,” ಅಂದರು. ಓಣಿಯಲ್ಲಿ ಉಳಿದಿದ್ದ ಪಟಾಕಿಯೂ ಸಿಡಿಯಿತು. ಕಾಕು ಮೇಡಂಗೆ ಕುಂಕುಮ ಹಚ್ಚಿ, ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಹಾಕಿ ಉಡಿ ತುಂಬಿ ಕಳಿಸಿದಳು. ನಿಯಮದ ಮಾತು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಕಾರು ಭೋಜ ದಾಟಿತು. ತುಂಬಿದ ಉಡಿ ಹಿಡಿದುಕೊಂಡು ಮೇಡಂ ಬಹಳ ಹೊತ್ತು ಕಬ್ಬು ನೋಡುತ್ತ ಕೂತಿದ್ದರು. ಆಮೇಲೆ ಯಾವುದೋ ದೊಡ್ಡ ಯೋಚನೆಯಿಂದ ಎದ್ದವರ ಹಾಗೆ ಮೆಲ್ಲಗೆ ಕೇಳಿದರು.

“ಆ ಹುಡುಗನ ಮನೆಯವರಿಗೆ ಜಮೀನು ಎಷ್ಟು ಎಕರೆ ಇದೆ?”

“ಮೊದಲನೇ ವಾರದ್ದು ಹೇಳಲೋ ಮೇಡಂ, ಎರಡನೇ ವಾರದ್ದೋ?”