ಫ್ರಾನ್ಸಿನಲ್ಲಿ ಡಬಲ್ಸ್

ಹೆದರಿಕೆಗೆ ಕಾರಣ ಕೇಳುವವರನ್ನು ಕಂಡರೆ ನನಗೆ ಕನಿಕರ. ಅವರು ಜೀವನದಲ್ಲಿ ಸರಿಯಾಗಿ ಹೆದರಿದವರೇ ಅಲ್ಲ. ನನ್ನಂಥವರಿಗೆ ಹೆದರಿಕೆ ಮೊದಲು ಬಂದುಬಿಡುತ್ತದೆ, ಕಾರಣ ಆಮೇಲೆ ಏದುಸಿರು ಬಿಡುತ್ತ ಬಂದು ಸೇರಿಕೊಳ್ಳುತ್ತದೆ. ನಾವು ಸಿಂಗಪುರದ ಬುಕಿತ್ ಪಂಜಾಂಗ್‌ಗೆ ಶಿಫ್ಟ್ ಆದ ಹೊಸದರಲ್ಲಿ ನನಗೆ ಅಲ್ಲಿನ ಎಲ್‌ಆರ್‌ಟಿ ಎಂದರೆ ಕೈಕಾಲು ತಣ್ಣಗಾಗುತ್ತಿತ್ತು. ಆ ಪುಟ್ಟ ರೈಲಿಗೆ ಡ್ರೈವರ್ ಇಲ್ಲ. ಮುಂದಿನ ಗಾಜಿನಲ್ಲಿ ನೋಡಿದರೆ ಬರೀ ಹಳಿ. ಅದು ಸಾಲದೆಂಬಂತೆ, ಫ್ಲ್ಯಾಟುಗಳ ಪಕ್ಕದಲ್ಲಿ ಹೋಗುವಾಗ ಒಳಗಿನವರು ಜನರ ಮನೆಯೊಳಗೆ ಇಣುಕಬಾರದೆಂದು ಕಿಟಕಿಯ ಗಾಜುಗಳು ತಾವಾಗಿಯೇ ಮಂಜಾಗುತ್ತವೆ. ಮೊದಲ ದಿನ ನನಗಿದು ಗೊತ್ತಿರಲಿಲ್ಲ. ಹೆದರಿ ಹೆದರಿ ನನ್ನ ಕಣ್ಣೇ ಹೋಯಿತೆಂದುಕೊಂಡು ಪಕ್ಕದಲ್ಲಿದ್ದ ಚೀನೀ ಅಜ್ಜಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಪಾಪ, ಆಕೆ ತನ್ನ ಸ್ಟಾಪ್ ಬಂದರೂ ಇಳಿಯದೆ ನನ್ನ ಸ್ಟಾಪ್‌ವರೆಗೂ ಕೂತಿದ್ದರು.

ಇಂಥ ನಾನು ಫ್ರಾನ್ಸಿಗೆ ಸೈಕಲ್ ಹೊಡೆಯಲು ಹೋದೆ ಎಂದರೆ ನೀವು ನಂಬಲಿಕ್ಕಿಲ್ಲ. ನಾನೂ ನಂಬಿರಲಿಲ್ಲ. ಆಗ ಸಿಂಗಪುರದಲ್ಲಿ ಒಳ್ಳೆಯ ಕಾಲ ನಡೆಯುತ್ತಿತ್ತು. ಎಲ್ಲರ ಆಫೀಸಿನಲ್ಲೂ ಬೋನಸ್ಸು, ಎಲ್ಲರ ಬಾಯಲ್ಲೂ ಯುರೋಪು. ನಮ್ಮ ಬ್ಲಾಕಿನ ಶುಭಾ, ಉಡುಪಿ ಕಡೆಯವಳು, ಸ್ವಿಟ್ಜರ್ಲೆಂಡಿನ ಹಿಮದ ಮೇಲೆ ನಿಂತ ಫೋಟೋಗಳನ್ನು ಕಟ್ಟಡದ ಕೆಳಗೆ ಕಂಬಗಳ ನಡುವಿನ ಖಾಲಿ ಜಾಗವಾದ ವಾಯ್ಡ್ ಡೆಕ್‌ನಲ್ಲಿ ಸಿಕ್ಕಸಿಕ್ಕವರಿಗೆಲ್ಲ ತೋರಿಸುತ್ತಿದ್ದಳು. ನಮ್ಮ ಮನೆಯವರಿಗೆ ಎಲ್ಲರಂತೆ ಬಸ್ಸಿನಲ್ಲಿ ಕೂತು ಊರು ಎಣಿಸುವುದು ಬೇಡವಾಗಿತ್ತು. ಒಂದು ಸಂಜೆ ಆಫೀಸಿನಿಂದ ಬಂದವರೇ ಒಂದು ಬಣ್ಣದ ಪುಸ್ತಿಕೆಯನ್ನು ನನ್ನ ಮುಂದೆ ಹಿಡಿದರು. ಲ್ವಾರ್ ಎಂಬ ನದಿ, ಅದರ ದಂಡೆಯಲ್ಲೇ ಒಂದು ಸಣ್ಣ ರಸ್ತೆ, ಆಚೀಚೆ ದ್ರಾಕ್ಷಿ ತೋಟ.

“ನೀಲಾ, ಒಂದು ಕಾರಿಲ್ಲ, ಒಂದು ಲಾರಿ ಇಲ್ಲ. ಕಂಪ್ಲೀಟ್ ಕ್ವಯಟ್. ಬುಕ್ ಮಾಡಿಬಿಡ್ಲಾ?” ಎಂದರು.

“ನನಗೆ ಸೈಕಲ್ ಬರಲ್ವಲ್ಲ.”

“ನಿನಗೇನು ಕಷ್ಟ? ಡಬಲ್ಸ್ ಹೋಗೋಣ.”

ಆ ಒಂದು ಮಾತಿಗೆ ನಾನು ಕರಗಿಹೋದೆ. ಡಬಲ್ಸ್ ಎಂದರೆ ಏನೆಂದು ಬಿಜಾಪುರದಲ್ಲಿ ಬೆಳೆದ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮುಂದೆ ಒಬ್ಬರು ತುಳಿಯಬೇಕು, ಹಿಂದೆ ಕ್ಯಾರಿಯರ್ ಮೇಲೆ ಒಬ್ಬರು ಕೂರಬೇಕು. ನಾನು ಶಾಲೆಗೆ ಹೋದದ್ದೇ ಅಪ್ಪನ ಸೈಕಲ್ಲಿನ ಕ್ಯಾರಿಯರ್ ಮೇಲೆ. “ಕಾಲ ಅಗಲ ಮಾಡಿ ಕುಂಡ್ರು, ಗಾಲ್ಯಾಗ ಸಿಗ್ತಾವ” ಎಂದು ಅಪ್ಪ ದಿನಾ ಹೇಳುತ್ತಿದ್ದರು. ಅಲ್ಲಾಡದೆ, ಉಸಿರೂ ಜೋರಾಗಿ ಬಿಡದೆ ಕೂರುವ ಆ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ನಮ್ಮ ಓಣಿಯಲ್ಲಿ ಇರಲಿಲ್ಲ. ಕ್ಯಾರಿಯರ್‌ನ ಕಬ್ಬಿಣ ಒತ್ತುತ್ತದೆಂಬುದೊಂದೇ ತೊಂದರೆ. ಅದಕ್ಕಾಗಿ ಹಳೆಯ ಇಳಕಲ್ ಸೀರೆ ಹರಿದು ಒಂದು ಪುಟ್ಟ ದಿಂಬು ಹೊಲಿದು, ಕಟ್ಟಲು ನಾಲ್ಕು ಮೂಲೆಗೆ ಲಾಡಿಯನ್ನೂ ಇಟ್ಟೆ. ಇವರು ಅದನ್ನು ನೋಡಿ ವಿಮಾನದಲ್ಲಿ ಮಲಗಲಿಕ್ಕೆಂದುಕೊಂಡರು. ನಾನೂ ಬಿಡಿಸಿ ಹೇಳಲಿಲ್ಲ.

ಫ್ರಾನ್ಸಿನ ಆ ಹಳ್ಳಿಯಲ್ಲಿ ಬೆಳಿಗ್ಗೆ ಸೈಕಲ್ ಅಂಗಡಿಯ ಹೆಂಗಸು ನಗುನಗುತ್ತಾ ನಮ್ಮ ಸೈಕಲ್ ತಂದು ನಿಲ್ಲಿಸಿದಳು. ನಾನು ದಿಂಬು ಹಿಡಿದುಕೊಂಡು ಹಿಂದೆ ಹೋದೆ. ಕ್ಯಾರಿಯರ್ ಇರಲಿಲ್ಲ. ಅದರ ಜಾಗದಲ್ಲಿ ಇನ್ನೊಂದು ಸೀಟು, ಇನ್ನೊಂದು ಹ್ಯಾಂಡಲ್, ಇನ್ನೊಂದು ಜೊತೆ ಪೆಡಲ್. ಉದ್ದವೋ ಉದ್ದ.

“ಇದೇನ್ರೀ ಇದು?”

“ಡಬಲ್ಸ್. ಅಂದಿದ್ದೆನಲ್ಲ.”

“ಕ್ಯಾರಿಯರ್ ಎಲ್ಲಿ?”

ಅವರು ನನ್ನನ್ನು ನೋಡಿದರು, ದಿಂಬನ್ನು ನೋಡಿದರು, ಅದರ ಲಾಡಿಗಳನ್ನೂ ನೋಡಿದರು. ಆಗ ಅವರಿಗೆ ಎಲ್ಲ ಅರ್ಥವಾಯಿತು. ನಗಲಿಲ್ಲ, ಅದು ದೊಡ್ಡ ಗುಣ.

ನಾನು ಬರುವುದಿಲ್ಲ ಎಂದೆ. ಟ್ಯಾಕ್ಸಿಯಲ್ಲಿ ಬರುತ್ತೇನೆ, ನೀವು ತುಳಿದುಕೊಂಡು ಬನ್ನಿ ಎಂದೆ. ಆದರೆ ನಮ್ಮ ಪೆಟ್ಟಿಗೆಗಳನ್ನು ಅಂಗಡಿಯವರ ವ್ಯಾನು ಆಗಲೇ ಮುಂದಿನ ಊರಿಗೆ ಒಯ್ದಾಗಿತ್ತು. ರಾತ್ರಿಯ ಹೋಟೆಲೂ ಆ ಊರಿನಲ್ಲೇ. ಈ ಊರಿಗೆ ಬಸ್ಸಿಲ್ಲ, ಟ್ಯಾಕ್ಸಿ ಇಲ್ಲ. ಸಿಂಗಪುರದಲ್ಲಿ ಯಾವುದನ್ನು ಸುಖವೆಂದು ಓದಿದ್ದೆವೋ ಅದೇ ಈಗ ಎದುರಿಗೆ ನಿಂತಿತ್ತು. ಒಂದು ಕಾರಿಲ್ಲ ಎಂದರೆ ಕೈ ಅಡ್ಡ ಹಾಕಿ ನಿಲ್ಲಿಸಲು ಒಂದು ಕಾರೂ ಇಲ್ಲ ಎಂದು ನನಗೆ ಆಗ ಹೊಳೆಯಿತು. ಆ ಸೈಕಲ್ಲಿನ ಮೇಲೆ ಕೂತು ಸಂಜೆಯೊಳಗೆ ಆ ಊರು ಸೇರಲೇಬೇಕು, ಬೇರೆ ದಾರಿಯೇ ಇರಲಿಲ್ಲ.

ದಿಂಬನ್ನು ಸೀಟಿಗೆ ಕಟ್ಟಿ ಹತ್ತಿದೆ. ಹಿಂದೆ ಕೂತವರ ಪಾಡು ಏನೆಂದು ಸ್ವಲ್ಪ ಹೇಳಬೇಕು. ಆ ಹಿಂದಿನ ಹ್ಯಾಂಡಲ್ ತಿರುಗುವುದೇ ಇಲ್ಲ, ಅದು ಹಿಡಿದುಕೊಳ್ಳಲಿಕ್ಕೆ ಮಾತ್ರ. ಬ್ರೇಕೂ ಇಲ್ಲ. ಆದರೆ ಮುಂದಿನವರು ತುಳಿದರೆ ಹಿಂದಿನವರ ಕಾಲೂ ತಿರುಗಲೇಬೇಕು, ಎರಡೂ ಒಂದೇ ಚೈನಿನ ಸಂಬಂಧ. ನಮ್ಮ ಮದುವೆಯೂ ಹೆಚ್ಚುಕಡಿಮೆ ಹೀಗೆಯೇ ಆದ್ದರಿಂದ ನನಗೆ ಹೊಸದೆನಿಸಬಾರದಿತ್ತು. ಆದರೂ ಎಡಕ್ಕೆ ನದಿ ಕಂಡಾಗಲೆಲ್ಲ ಶಕ್ತಿಮೀರಿ ಹ್ಯಾಂಡಲನ್ನು ಬಲಕ್ಕೆ ತಿರುಗಿಸುತ್ತಲೇ ಇದ್ದೆ. ನದಿಗೆ ಕಟ್ಟೆಯಿಲ್ಲ, ಬೇಲಿಯಿಲ್ಲ, ನನಗೆ ಈಜು ಬರುವುದಿಲ್ಲ. ಕೊನೆಗೆ ನನಗೆ ಗೊತ್ತಿದ್ದ ಒಂದೇ ವಿದ್ಯೆಗೆ ಶರಣಾದೆ. ಕಣ್ಣು ಮುಚ್ಚಿಕೊಂಡು, ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು, ಕಾಲನ್ನು ಅದರ ಪಾಡಿಗೆ ಬಿಟ್ಟು, ಅಪ್ಪನ ಕ್ಯಾರಿಯರ್ ಮೇಲೆ ಕೂತಂತೆ ಕೂತುಬಿಟ್ಟೆ.

ಆಗ ಕೇಳಿಸಿತು ಆ ನಿಶ್ಶಬ್ದ. ಅಂಥದ್ದನ್ನು ನಾನು ಕೇಳಿಯೇ ಇರಲಿಲ್ಲ. ನಮ್ಮ ಫ್ಲ್ಯಾಟಿನಲ್ಲಿ ಮೇಲಿನವರ ಕುರ್ಚಿ, ಕೆಳಗಿನವರ ಟಿವಿ, ಎಲ್ಲೋ ಕೊರೆಯುವ ಡ್ರಿಲ್ಲು, ಹೀಗೆ ಏನಾದರೊಂದು ಇದ್ದೇ ಇರುತ್ತದೆ. ಅದು ನಿಂತರೆ ಏನೋ ಎಡವಟ್ಟಾಗಿದೆ ಎಂದೇ ಲೆಕ್ಕ. ಇಲ್ಲಿ ಚೈನಿನ ಸಣ್ಣ ಸದ್ದು, ನನ್ನ ಎದೆಯ ದೊಡ್ಡ ಸದ್ದು, ಇವೆರಡೇ. ಸತ್ತರೆ ಹೀಗೇ ಇರುತ್ತದೇನೋ ಅನ್ನಿಸಿ ಇನ್ನಷ್ಟು ಹೆದರಿದೆ.

ಒಂದು ವಿಷಯ ಹೇಳಲು ಮರೆತೆ. ಸಿಂಗಪುರದಲ್ಲಿ ಎಲ್ಲರ ಜೊತೆ ಬೆರೆತು ಬೆರೆತು ನಮ್ಮ ಮಾತು ಮನೆಯಲ್ಲೂ ಬೆಂಗಳೂರಿನದಾಗಿಬಿಟ್ಟಿದೆ. ಇವರ ಬಾಯಿಂದ ಬಿಜಾಪುರ ಹೊರಬೀಳುವುದು ಜೀವಕ್ಕೆ ಬಂದಾಗ ಮಾತ್ರ. ಹೊರಟಾಗ “ಹೆದರ್ಕೋಬೇಡ ನೀಲಾ, ಎಂಜಾಯ್ ಮಾಡು, ಏನೂ ಆಗಲ್ಲ” ಎನ್ನುತ್ತಿದ್ದರು. ಸ್ವಲ್ಪ ದೂರ ಹೋದ ಮೇಲೆ “ಆರಾಮಿದ್ದೀಯಾ?” ಎಂದರು. ನಾನು ಬಾಯಿ ಬಿಡುವ ಸ್ಥಿತಿಯಲ್ಲಿರಲಿಲ್ಲ. ಮತ್ತೆ ಸ್ವಲ್ಪ ಹೊತ್ತಿಗೆ “ಏ, ಅದೀಯಿಲ್ಲೋ?” ಎಂದದ್ದು ಕೇಳಿಸಿತು. ಬಿಜಾಪುರ ಬಂದುಬಿಟ್ಟಿತ್ತು. ಮುಂದೆ ಕೂತು ಹ್ಯಾಂಡಲ್ಲೂ ಬ್ರೇಕೂ ಹಿಡಿದಿರುವ ಮನುಷ್ಯನೇ ಹೆದರಿದ್ದಾನೆ ಎಂದು ತಿಳಿದರೆ ಹಿಂದೆ ಕೂತವಳ ಗತಿ ಏನಾಗಬೇಕು? ನಾಲಿಗೆ ಪೂರ್ತಿ ಒಣಗಿಹೋಯಿತು. ಆ ಕ್ಷಣದಲ್ಲಿ ಇವರು ಹಿಂತಿರುಗಿ ನೋಡಿದರು, ಸೈಕಲ್ಲು ವಾಲಿತು, ನಾವಿಬ್ಬರೂ ರಸ್ತೆ ಬದಿಯ ಹುಲ್ಲಿನಲ್ಲಿ ಬಿದ್ದೆವು.

ನದಿಯ ಕಡೆಗಲ್ಲ, ಪುಣ್ಯ. ಕಣ್ಣು ಬಿಟ್ಟು ನೋಡಿದರೆ ರಸ್ತೆಯಾಚೆ ನೀರಿನ ಪಕ್ಕ ಒಬ್ಬ ಮುದುಕ ಗಾಳ ಹಿಡಿದು ಕೂತಿದ್ದ. “ಬೋಂಜೂರ್” ಎಂದು ನಮಸ್ಕಾರ ಹೇಳಿದ. ನನಗೆ ಎಲ್ಲೂ ಪೆಟ್ಟಾಗಿರಲಿಲ್ಲ. ಇವರ ಕಡೆ ನೋಡಿದೆ. ಹುಲ್ಲಿನ ಮೇಲೆ ಕೂತಿದ್ದರು, ಮುಖ ಬಿಳುಚಿತ್ತು. ಇಷ್ಟು ವರ್ಷ ಬಾಳಿದ್ದೇನೆ, ಇವರ ಮುಖ ಹೀಗಾದದ್ದನ್ನು ನೋಡಿದ್ದು ಅದೇ ಮೊದಲು.

“ಯಾಕ್ರೀ ಹೊಳ್ಳಿ ನೋಡಿದ್ರಿ?” ನನಗೂ ಊರ ಮಾತೇ ಬಂತು.

“ನೀ ಅದೀಯೋ ಇಲ್ಲೋ ಅಂತ. ಮನಿ ತುಂಬ ಮಾತಾಡಾಕಿ, ಹಿಂದಿಂದ ಒಂದು ಸಪ್ಪಳಿಲ್ಲ. ಹೊಳ್ಯಾಗ ಬಿದ್ದಿ ಅಂತ ತಿಳಕೊಂಡೆ. ಕರದರ ಓ ಅನ್ನವಲ್ಲಿ.” ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು, “ಜೀವ ಹೋತು ನನ್ನದು” ಎಂದರು.

ನನಗೆ ಅಳು ಬಂತು. ನಾನು ನದಿಗೆ ಹೆದರಿದ್ದೆ, ಬೇಲಿಯಿಲ್ಲದ್ದಕ್ಕೆ ಹೆದರಿದ್ದೆ, ಆ ಹಾಳು ನಿಶ್ಶಬ್ದಕ್ಕೆ ಹೆದರಿದ್ದೆ. ಇವರು ಹೆದರಿದ್ದು ನಾನಿಲ್ಲ ಎಂಬುದಕ್ಕೆ ಮಾತ್ರ. ನನ್ನ ಅಷ್ಟೂ ಹೆದರಿಕೆ ಅದರ ಮುಂದೆ ಸಣ್ಣದಾಗಿ ಕಂಡಿತು.

“ಏಳ್ರಿ, ಹೋಗೂಣು” ಎಂದೆ.

“ಮಾತಾಡ್ಕೋತ ಬರ್ತೀಯೇನು?”

“ಬರ್ತೀನಿ.”

ಮುಂದಿನ ಊರು ಬರುವವರೆಗೆ ನಾನು ಬಾಯಿ ಮುಚ್ಚಲಿಲ್ಲ. ಕಣ್ಣು ಮಾತ್ರ ಮುಚ್ಚಿಯೇ ಇತ್ತು, ಅದು ಬೇರೆ ವಿಷಯ. ಶುಭಾಳ ಮನೆಯ ಹೊಸ ಪರದೆಯ ಬಣ್ಣದಿಂದ ಶುರುಮಾಡಿ, ನಮ್ಮ ದೊಡ್ಡಮ್ಮನ ಮಗಳಿಗೆ ತಪ್ಪಿಹೋದ ಸಂಬಂಧಗಳನ್ನೆಲ್ಲ ಮುಗಿಸಿ, ಶೇಂಗಾ ಹೋಳಿಗೆಯ ಹೂರಣ ಯಾಕೆ ಕೈಗೆ ಅಂಟುತ್ತದೆ ಎಂಬಲ್ಲಿಗೆ ಬಂದೆ. ಸರಕು ತೀರಿದ ಮೇಲೆ ಮಗ್ಗಿ ಹೇಳಿದೆ. ಇವರು ಮುಂದಿನಿಂದ “ಹೂಂ, ಹೂಂ” ಎನ್ನುತ್ತ ತುಳಿದರು. ನೀರಿನ ಮೇಲೆ ಕೂತಿದ್ದ ಹಕ್ಕಿಗಳು ರೆಕ್ಕೆ ಬಡಿದು ಎದ್ದುಹೋದ ಸದ್ದು ಆಗಾಗ ಕೇಳಿಸುತ್ತಿತ್ತು. ಇನ್ನೊಂದು ಕಡೆ ಯಾರೋ, ಗಾಳ ಹಾಕಿದ್ದವನೇ ಇರಬೇಕು, ಏನೋ ಗೊಣಗಿದ್ದೂ ಕೇಳಿಸಿತು. ಬೋಂಜೂರ್ ಇರಲಿಕ್ಕಿಲ್ಲ.

ವಾಪಸು ಬಂದ ಮೇಲೆ ವಾಯ್ಡ್ ಡೆಕ್‌ನಲ್ಲಿ ಶುಭಾ ಹಿಡಿದಳು. “ಹೇಗಿತ್ತು ಫ್ರಾನ್ಸ್? ಸೀನರಿ ಸೂಪರ್ ಅಂತೆ. ತುಂಬಾ ಕ್ವಯಟ್ ಅಂತೆ, ಹೌದಾ?”

ಸೀನರಿ ಎಂದು ನಾನು ಕಂಡದ್ದು, ನಡುವೆ ಒಂದೆರಡು ಸಲ ಕಣ್ಣು ಬಿಟ್ಟಾಗ, ಇವರ ನೀಲಿ ಅಂಗಿಯ ಬೆನ್ನು ಮತ್ತು ಅದರ ಮೇಲೆ ಅಗಲವಾಗುತ್ತಿದ್ದ ಬೆವರಿನ ಕಲೆ. “ಕ್ವಯಟ್ ಇತ್ತಪ್ಪ” ಎಂದೆ, “ನಾವು ಹೋಗೋವರೆಗೂ.”

ಈಗ ನನಗೆ ಎಲ್‌ಆರ್‌ಟಿಯಲ್ಲೂ ಅಷ್ಟು ಹೆದರಿಕೆಯಿಲ್ಲ. ಹತ್ತಿದ ಕೂಡಲೇ ಮಾತು ಶುರುಮಾಡುತ್ತೇನೆ, ಇಳಿಯುವವರೆಗೂ ನಿಲ್ಲಿಸುವುದಿಲ್ಲ. ಇವರು ಪಕ್ಕದಲ್ಲಿ ಪೇಪರ್ ಅಡ್ಡ ಹಿಡಿದು ನಾನು ಯಾರೋ ಎಂಬಂತೆ ಕೂರುತ್ತಾರೆ. ಎದುರಿನವರು ನೋಡುತ್ತಾರೆ, ಕಿಟಕಿ ಮಂಜಾಗುತ್ತದೆ, ನಾನು ಮಾತ್ರ ಬಿಡುವುದಿಲ್ಲ. ಮುಂದೆ ಡ್ರೈವರ್ ಇಲ್ಲವೆಂದು ನನಗೂ ಗೊತ್ತು. ಆದರೂ ನಾನು ಸುಮ್ಮನಾಗಿಬಿಟ್ಟರೆ, ಇಲ್ಲದ ಆ ಮನುಷ್ಯ ಹಿಂತಿರುಗಿ ನೋಡಿಬಿಟ್ಟಾನೆಂದು ಹೆದರಿಕೆ.