ಚಾಡಿ ಹೇಳಿದ ಬಂಡೆಗೋಡೆಗೆ, ಒಂದು ಜರಿಗಿಡದ ವಿಷಯವಾಗಿ

ಸಸ್ಯೋದ್ಯಾನದ ಮಾನ್ಯ ಬಂಡೆಗೋಡೆಯವರೇ,

ಹಳೆಯ ಕಲ್ಲುಗಣಿಯ ಗುಂಡಿಯಲ್ಲಿ ಇಷ್ಟೊಂದು ಹೂವು ಅರಳಿಸಿಕೊಂಡು, ಕೊಳವೊಂದನ್ನು ಬಳಸಿ ಬಿಲ್ಲಿನಂತೆ ಬಾಗಿ ನಿಂತಿರುವ ತಮಗೆ, ಮದುವೆಯಾಗಿ ಇನ್ನೂ ಎರಡು ತಿಂಗಳು ತುಂಬದವಳ ಸಂಭ್ರಮದ ನಮಸ್ಕಾರಗಳು! ತಮ್ಮಷ್ಟು ಸುಂದರವಾದ ಗೋಡೆಯನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ತಮ್ಮಷ್ಟು ಚಾಡಿಕೋರ ಗೋಡೆಯನ್ನೂ ಕಂಡಿಲ್ಲವೆಂದು ವಿನಯಪೂರ್ವಕವಾಗಿ ತಿಳಿಸಲು ಈ ಪತ್ರ.

ಕಳೆದ ಭಾನುವಾರ ನಾವು ಮೂವರು ತಮ್ಮಲ್ಲಿಗೆ ಬಂದೆವು. ಅತ್ತೆ ಕಾಲುನೋವೆಂದು ಗೇಟಿನ ಹತ್ತಿರ, ತಮ್ಮ ಬುಡದ ಬೆಂಚಿನಲ್ಲೇ ಕುಳಿತರು. ನಾನೂ ನನ್ನವರೂ ಕೊಳವನ್ನು ಸುತ್ತಿ ತಮ್ಮ ಇನ್ನೊಂದು ತುದಿಯ ಬೆಂಚಿಗೆ ಹೋದೆವು. ನಡುವೆ ಇಡೀ ಕೊಳ, ನೀರಿನ ತುಂಬ ತಾವರೆ. ಎಷ್ಟು ರೊಮ್ಯಾಂಟಿಕ್! ಮನಸ್ಸು ಹಗುರಾಗಿ, ತಮಗೆ ತಲೆಯೊರಗಿಸಿ, ಗಂಡನ ಕಿವಿಯಲ್ಲಿ ಪಿಸುಗುಟ್ಟಿದೆ: "ರೀ, ನಿಮ್ಮಮ್ಮ ಮದುವೆಗೆ ಕೊಟ್ಟ ಜರಿಗಿಡ ಸತ್ತು ತಿಂಗಳಾಯ್ತು. ಪ್ರೀತಿ ಜಾಸ್ತಿಯಾಗಿ ದಿನಕ್ಕೆ ನಾಲ್ಕು ಸಲ ನೀರು ಹಾಕ್ಬಿಟ್ಟೆ. ಈಗ ಕಿಟಕೀಲಿರೋದು ಪ್ಲಾಸ್ಟಿಕ್ಕು. ಪ್ಲೀಸ್, ಅವರಿಗೆ ಹೇಳ್ಬೇಡಿ."

ಅವರು ಹೇಳಲಿಲ್ಲ. ತಾವು ಹೇಳಿದಿರಿ. ಆ ಬಾಗಿದ ಮೈಯುದ್ದಕ್ಕೂ ಒಂದಕ್ಷರವನ್ನೂ ಉದುರಿಸದೆ ಹೊತ್ತೊಯ್ದು, ನೇರವಾಗಿ ಅತ್ತೆಯ ಕಿವಿಗೇ ಮುಟ್ಟಿಸಿದಿರಿ. ನಮ್ಮ ಬೀದಿಯ ಕೊರಿಯರಿನವರು ತಮ್ಮ ಬಳಿ ತರಬೇತಿ ಪಡೆಯಬೇಕು. ಮರುಕ್ಷಣ ನನ್ನ ಪಕ್ಕದ ಕಲ್ಲಿನೊಳಗಿಂದಲೇ ಅವರ ದನಿ: "ಗೊತ್ತು ಕಣಮ್ಮ. ನಾಲ್ಕು ಭಾನುವಾರದಿಂದ ನಿಮ್ಮನೆಗೆ ಬಂದಾಗೆಲ್ಲ ಅದಕ್ಕೆ ನೀರು ಹಾಕಿ, ಎಷ್ಟು ಚೆನ್ನಾಗಿ ಚಿಗುರಿದೆ ಅಂತ ಹೊಗಳ್ತಾ ಇದೀನಲ್ಲ, ನೀನು ಯಾವಾಗ ಬಾಯಿ ಬಿಡ್ತೀಯ ನೋಡೋಣ ಅಂತ."

ಆ ನಾಲ್ಕು ಸಲವೂ ನಾನು ನಾಚಿಕೊಂಡು "ಎಲ್ಲಾ ನಿಮ್ಮ ಆಶೀರ್ವಾದ ಅತ್ತೆ" ಎಂದಿದ್ದೆ, ಮಾನ್ಯರೇ! ಒಳ್ಳೆಯ ಸೊಸೆ ಎನಿಸಿಕೊಳ್ಳಲು ಮದುವೆಯಾದಾಗಿನಿಂದ ಪಟ್ಟ ಪಾಡೆಲ್ಲ ಒಂದು ಪಿಸುಮಾತಿಗೆ ನೀರುಪಾಲಾಯಿತು.

ಆದ್ದರಿಂದ, ಇನ್ನು ಮುಂದೆ ಸೊಸೆಯಂದಿರು ಒರಗಿದಾಗ ತಾವು ಕೂಡಲೇ ಬಾಗುವುದನ್ನು ಬಿಟ್ಟು ನೆಟ್ಟಗಾಗಬೇಕೆಂದು ಕೋರುತ್ತೇನೆ. ಆಗದಿದ್ದರೆ ಹೊಗಳಿಕೆಯನ್ನಷ್ಟೇ ದಾಟಿಸಿ ಉಳಿದದ್ದನ್ನು ಕೊಳಕ್ಕೆ ಬೀಳಿಸಬೇಕು. ಅದೂ ಕಷ್ಟವೆನಿಸಿದರೆ ಮತ್ತೆ ಕಲ್ಲುಗಣಿಯಾಗುವ ಬಗ್ಗೆ ಯೋಚಿಸಬಹುದು. ಸುತ್ತಿಗೆ ನಾನೇ ತರುತ್ತೇನೆ.

ಮನೆಯಲ್ಲಿ ಯಾರ ವಿಶ್ವಾಸವೂ ಉಳಿಯದಿದ್ದರೂ
ತಮ್ಮ ವಿಶ್ವಾಸಿ,
ಹೊಸ ಸೊಸೆ

ವಿ.ಸೂ.: ಅತ್ತೆ ಉದ್ಯಾನದ ನರ್ಸರಿಯಲ್ಲೇ ಹೊಸ ಜರಿಗಿಡ ಕೊಂಡಿದ್ದಾರೆ. ಅದಕ್ಕೆ ನೀರು ಹಾಕುವುದನ್ನು ನನಗೆ ಕಲಿಸಲು ಮೂರು ತಿಂಗಳು ನಮ್ಮ ಮನೆಯಲ್ಲೇ ಇರುತ್ತಾರಂತೆ. ಈ ಸುದ್ದಿಯನ್ನು ಎದುರಿಗೆ ನಿಂತು ಹೇಳುವ ಧೈರ್ಯವಿಲ್ಲದ ನನ್ನ ಗಂಡ, ಕೊಳ ಸುತ್ತಿ ಆಚೆ ಬೆಂಚಿಗೆ ಹೋಗಿ ತಮ್ಮ ಮೂಲಕವೇ ತಿಳಿಸಿದರು.