ದೊಡ್ಡಮ್ಮನ ರೈಟು

ಧಾರವಾಡಕ್ಕೆ ಹೋಗಿ ಇಂಗ್ಲಿಷ್ ಓದಿ ಪದವಿ ತಂದವನಿಗೆ ‘ರೈಟ್’ ಎಂಬ ಪದ ಬರುವುದಿಲ್ಲ ಎಂದರೆ ನೀವು ನಗುತ್ತೀರಿ. ನಿಘಂಟು ಹೇಳುವ ಅರ್ಥಗಳೆಲ್ಲ ನನಗೆ ಗೊತ್ತು: ಸರಿ, ಬಲಗಡೆ, ಹಕ್ಕು, ನ್ಯಾಯ. ಆದರೆ ಅರ್ಥ ಗೊತ್ತಿರುವುದು ಬೇರೆ, ಬೇಕಾದ ಹೊತ್ತಿಗೆ ಆ ಪದವನ್ನು ಬಾಯಿಂದ ಹೊರಡಿಸುವುದು ಬೇರೆ. ಆ ಎರಡನೆಯ ವಿದ್ಯೆ ಸಿದ್ಧಿಸಿದ್ದು ನಮ್ಮ ದೊಡ್ಡಮ್ಮನಿಗೆ.

ಶಿರಸಿ ಬಸ್ಸಿನ ಕಂಡಕ್ಟರು ಬಾಗಿಲೆಳೆದು ‘ರೈಟ್’ ಎಂದ ಕೂಡಲೆ ಅಷ್ಟು ದೊಡ್ಡ ಗಾಡಿ ಹೊರಡುವುದನ್ನು ಕಂಡು ಅವಳಿಗೆ ಆ ಪದದ ಮೇಲೆ ಮೋಹ ಹುಟ್ಟಿರಬೇಕು. ಕಾವಲಿ ಕಾದರೆ ರೈಟು, ಎಮ್ಮೆ ಹಾಲಿಳಿಸಿದರೆ ರೈಟು, ಅಕ್ಕಪಕ್ಕದವರ ಜಗಳ ಮುಗಿದರೂ ರೈಟು. “ದೇವರಿಗೂ ಇವಳು ರೈಟು ಹೇಳಿದ ಮೇಲೇ ನೈವೇದ್ಯ” ಎಂದು ದೊಡ್ಡಪ್ಪ ಛೇಡಿಸುತ್ತಿದ್ದ.

ನಮ್ಮ ಸಿದ್ದಾಪುರದ ಕಡೆ ಖಚಿತವಾದ ಮಾತು ಸಿಗುವುದು ಕಷ್ಟ. ಪಾಯಸ ಅಮೃತದಂತಿದ್ದರೂ ‘ಅಡ್ಡಿಲ್ಲೆ’, ತಳ ಹಿಡಿದಿದ್ದರೂ ‘ಅಡ್ಡಿಲ್ಲೆ’. ಹಿಂದಿನ ವರ್ಷ ತಂಗಿ ಶಾರದೆಯನ್ನು ನೋಡಲು ಬಂದವರು ಹೋಳಿಗೆ ತಿಂದು, “ಕೂಸು ಅಡ್ಡಿಲ್ಲೆ, ತಿಳಿಸ್ತ್ಯ” ಎಂದು ಹೋದವರು ಏನನ್ನೂ ತಿಳಿಸಲಿಲ್ಲ. ನಾವು ದಾರಿ ನೋಡುತ್ತ ಕೂತೆವು. ಮದುವೆಯ ಕಾಲ ಮುಗಿಯಿತು. ನೆಂಟರು ಬಂದರೆ ಶಾರದೆ ಜಗಲಿಗೆ ಬರುವುದನ್ನೇ ಬಿಟ್ಟಳು.

ಅದಕ್ಕೇ ಹೆಗ್ಗರಣೆಯಿಂದ ಗಂಡಿನ ಕಡೆಯವರು ಬಂದ ದಿನ ಅಪ್ಪಯ್ಯ ನನ್ನನ್ನು ಪಕ್ಕಕ್ಕೆ ಕರೆದ. “ಓದಿದವ ನೀನು. ಜಾತಕ ಕೂಡಿದ್ದು. ಹೌದೋ ಅಲ್ಲದೋ, ಇವತ್ತೇ ಕೇಳಿಬಿಡು.”

ಒಂದು ವಾಕ್ಯ ಕಟ್ಟಿಕೊಂಡೆ. ‘ತಾವು ನಿಸ್ಸಂಕೋಚವಾಗಿ’ ಎಂದು ಶುರುವಾಗುವ ವಾಕ್ಯ. ಊಟವಾಯಿತು, ಎಲೆಯಡಿಕೆಯ ಕವಳವಾಯಿತು, ಮಳೆ ಬೆಳೆಯ ಮಾತಾಯಿತು, ವಾಕ್ಯ ಗಂಟಲಲ್ಲೇ ಇತ್ತು. ಅಷ್ಟರಲ್ಲಿ ಶಾರದೆ ಯಾರೂ ಕೇಳದಿದ್ದರೂ ಇನ್ನೊಂದು ಸಲ ಜಗಲಿಗೆ ನೀರು ತಂದಿಟ್ಟಳು. ಹುಡುಗ ಹಿಡಿಸಿದ್ದಾನೆ ಎಂದು ತಿಳಿಯಲು ನನಗೆ ಅಷ್ಟು ಸಾಕಿತ್ತು. ಬಾಯಿ ಬಿಡಲು ಮಾತ್ರ ಸಾಲಲಿಲ್ಲ.

ಬಸ್ಸಿನ ಹೊತ್ತಾಯಿತು. ಹುಡುಗನ ಅಪ್ಪ ಎದ್ದು ಶಾಲು ಕೊಡವಿದರು. “ಎಲ್ಲಾ ಅಡ್ಡಿಲ್ಲೆ ಭಟ್ರೆ. ಮನೇಲಿ ಮಾತಾಡಿ ತಿಳಿಸ್ತ್ಯ.”

ಅಪ್ಪಯ್ಯನ ಮುಖ ಸಣ್ಣದಾಯಿತು. ಆಗ ದೊಡ್ಡಮ್ಮ ಸೆರಗಿಗೆ ಕೈ ಒರೆಸುತ್ತ ಜಗಲಿಗೇ ಬಂದಳು.

“ತಿಳಿಸದು ಇರ್ಲಿ. ಶಾರದೇ, ನಿಂಗೆ ರೈಟಾ?”

ಗಂಡಿನವರ ಎದುರು ಹುಡುಗಿಯನ್ನು ಹೀಗೆ ಕೇಳುವುದು ನಮ್ಮಲ್ಲಿ ಇಲ್ಲ. ‘ಒಪ್ಪಿಗೆಯಾ’ ಎಂದು ಕೇಳಿದ್ದರೆ ಅವಳು ಒಳಗೆ ಓಡುತ್ತಿದ್ದಳು. ಆ ಮಾತಿಗೆ ತಲೆತಲಾಂತರದ ನಾಚಿಕೆ ಅಂಟಿಕೊಂಡಿದೆ. ಆದರೆ ರೈಟಿಗೆ ನಮ್ಮೂರಲ್ಲಿ ಅಜ್ಜನಿಲ್ಲ, ಅತ್ತೆಯಿಲ್ಲ. ಅದು ಯಾರ ಮುಂದೆ ತಲೆ ತಗ್ಗಿಸಬೇಕು?

“ರೈಟು,” ಎಂದಳು ಶಾರದೆ, ಕಂಬದ ಹಿಂದಿನಿಂದ.

ಬಂದಾಗಿನಿಂದ ಚಾಪೆಯ ಅಂಚನ್ನೇ ನೋಡುತ್ತಿದ್ದ ಹುಡುಗ ತಲೆಯೆತ್ತಿದ. “ಎಂಗೂ ರೈಟು.”

“ಬಸ್ಸು ನೀನೇ ಬಿಟ್ಯಲ ಮಾಣಿ!” ಎಂದು ಅವನ ಅಪ್ಪ ನಕ್ಕು ಮತ್ತೆ ಕೂತರು. “ಪಂಚಾಂಗ ತನ್ನಿ ಭಟ್ರೆ.”

ನಿಘಂಟು ಬರೆದ ಯಾವ ಪಂಡಿತನೂ ಆ ಪದದಿಂದ ಇಷ್ಟು ದೊಡ್ಡ ಕೆಲಸ ಮಾಡಿಸಿರಲಾರ. ಅಂದಿನಿಂದ ದೊಡ್ಡಮ್ಮನ ಇಂಗ್ಲಿಷಿಗೆ ನಾನು ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಆ ಗಳಿಗೆಯಲ್ಲಿ ಮೊದಲು ನಕ್ಕು ಚಪ್ಪಾಳೆ ತಟ್ಟಿದವನು ನಾನೇ ಎಂದು ನನಗೆ ನೆನಪು. ಶಾರದೆ ಒಪ್ಪುವುದಿಲ್ಲ. ಹೊರಟವರಿಗೆ ಕೊಡಲು ಅವರ ಕೊಡೆ ಹಿಡಿದು ಮೆಟ್ಟಿಲ ಬಳಿ ತಯಾರಾಗಿ ನಿಂತಿದ್ದೆನಂತೆ. ತಂಗಿಯ ಮಾತನ್ನಾದರೂ ತಳ್ಳಿಹಾಕಬಹುದಿತ್ತು. ಈಗ ಭಾವನಾಗಿರುವ ಆ ಹುಡುಗನೂ ಅದನ್ನೇ ಹೇಳುತ್ತಾನೆ. ಕೊಡೆ ಅವನದು.